ಫಿಲ್ಟರ್ ಕೊಳ್ಳುವ ಮೊದಲು: ಮನೆಯ ಕುಡಿಯುವ ನೀರನ್ನು ಪರೀಕ್ಷಿಸಿ ಸರಿಪಡಿಸಿಕೊಳ್ಳುವ ಕ್ರಮ

ಕೆಲವು ವರ್ಷಗಳ ಹಿಂದೆ ನೀರಿನ ಫಿಲ್ಟರ್ ಮಾರಲು ಬಂದ ಯುವಕನೊಬ್ಬ ನಮ್ಮ ಜಗಲಿಯಲ್ಲಿ ಎರಡು ಗಾಜಿನ ಲೋಟಗಳನ್ನಿಟ್ಟು, ಒಂದಕ್ಕೆ ನಮ್ಮ ನಲ್ಲಿಯ ನೀರನ್ನೂ ಇನ್ನೊಂದಕ್ಕೆ ತಾನು ತಂದಿದ್ದ ಆರ್‌ಒ (ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಲವಣ ತೆಗೆದ) ನೀರನ್ನೂ ತುಂಬಿ, ಲೋಹದ ಕಡ್ಡಿಗಳಿದ್ದ ಪುಟ್ಟ ಉಪಕರಣವೊಂದನ್ನು ಅವುಗಳಲ್ಲಿ ಮುಳುಗಿಸಿ ಕರೆಂಟು ಹಾಯಿಸಿದ. ಎರಡೇ ನಿಮಿಷದಲ್ಲಿ ನಲ್ಲಿಯ ನೀರು ಹಸಿರುಗಪ್ಪಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೆಸರಿನಂಥ ನೊರೆ ಕಟ್ಟಿತು. ಅವನ ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. "ದಿನಾ ಇದನ್ನೇ ಕುಡೀತಾ ಇದ್ದೀರಲ್ಲ ಮೇಡಂ" ಎಂದು ಅವನು ಮರುಕದಿಂದ ನೋಡಿದ. ಒಳಗಿನಿಂದ ಒಂದು ಚಿಟಿಕೆ ಅಡುಗೆ ಉಪ್ಪು ತಂದು ಅವನ ತಿಳಿನೀರಿಗೆ ಹಾಕಿ ಮತ್ತೊಮ್ಮೆ ಕರೆಂಟು ಹಾಯಿಸಲು ಹೇಳಿದಾಗ ಅದಕ್ಕೂ ಅದೇ ಗತಿಯಾಯಿತು. ಆ ಕೆಸರು ನೀರಿನೊಳಗೆ ಮೊದಲೇ ಇದ್ದ ಕೊಳೆಯಲ್ಲ, ಕಬ್ಬಿಣದ ಕಡ್ಡಿ ಕರಗಿ ಹುಟ್ಟಿದ ತುಕ್ಕು. ಲವಣಾಂಶವಿರುವ ನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುವುದರಿಂದ ಕಡ್ಡಿ ಬೇಗ ಕರಗುತ್ತದೆ. ಲವಣವಿಲ್ಲದ ನೀರಿನಲ್ಲಿ ಕರೆಂಟು ಬಹುತೇಕ ಹರಿಯುವುದೇ ಇಲ್ಲ.

ಇದನ್ನು ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಬಹುತೇಕ ಮನೆಗಳು ಮೊದಲು ಯಂತ್ರ ಕೊಂಡು, ಆಮೇಲೆ ನೀರಿನ ದೋಷವೇನೆಂದು ಯೋಚಿಸುತ್ತವೆ. ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ನೀರಿಗೆ ಯಾವ ರೋಗವಿದೆಯೆಂದು ತಿಳಿದ ಮೇಲೆಯೇ ಔಷಧ. ಎಷ್ಟೋ ಮನೆಗಳಿಗೆ ಆ ಔಷಧ ನೂರು ರೂಪಾಯಿಯೊಳಗೆ ಮುಗಿಯುತ್ತದೆ.

ಮೊದಲ ಹೆಜ್ಜೆ: ನೀರು ಎಲ್ಲಿಂದ ಬರುತ್ತಿದೆ?

ಬೆಂಗಳೂರಿನ ಒಂದೇ ಸಂಪಿಗೆ (ನೆಲದೊಳಗಿನ ನೀರಿನ ತೊಟ್ಟಿಗೆ) ವಾರದಲ್ಲಿ ಎರಡು ದಿನ ಕಾವೇರಿ ನೀರು, ಉಳಿದ ದಿನ ಬೋರ್‌ವೆಲ್ ನೀರು, ಏಪ್ರಿಲ್ ಬಂದರೆ ಟ್ಯಾಂಕರ್ ನೀರು ಬೀಳುವುದುಂಟು. ಹೀಗೆ ಬೆರೆತ ನೀರಿನ ಗುಣ ದಿನದಿನಕ್ಕೆ ಬದಲಾಗುವುದರಿಂದ, ಒಂದು ಹಾಳೆಯ ಮೇಲೆ ನಿಮ್ಮ ಮನೆಗೆ ಬರುವ ಎಲ್ಲ ಮೂಲಗಳನ್ನೂ ಅವು ಬರುವ ದಿನಗಳನ್ನೂ ಬರೆದುಕೊಳ್ಳಿ. ಸಾಧ್ಯವಿದ್ದರೆ ಕುಡಿಯುವ ನೀರಿಗೆಂದು ಒಂದೇ ಮೂಲವನ್ನು ಬೇರೆಯಾಗಿ ಹಿಡಿದಿಡಿ.

ನದಿಯಿಂದ ಬಂದು ಶುದ್ಧೀಕರಣ ಘಟಕವನ್ನು ದಾಟಿದ ನೀರಿನಲ್ಲಿ ಲವಣ ಕಡಿಮೆ. ಅದರ ಅಪಾಯವಿರುವುದು ದಾರಿಯಲ್ಲಿ. ನೀರು ಬಿಡದ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ; ಪಕ್ಕದಲ್ಲೇ ಸೋರುವ ಒಳಚರಂಡಿಯಿದ್ದರೆ ಕೊಳವೆ ಆ ಕೊಳಕನ್ನು ಬಿರುಕು, ಜಾಯಿಂಟುಗಳ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ ದಿನದ 24 ಗಂಟೆಯೂ, ಉಳಿದವಕ್ಕೆ ಕೆಲವು ದಿನಗಳಿಗೊಮ್ಮೆಯೂ ನೀರು ಬರುತ್ತಿದ್ದಾಗ ಸಂಶೋಧಕರು ಎರಡೂ ಕಡೆಯ ನಲ್ಲಿಗಳ ನೀರನ್ನು ಹೋಲಿಸಿ ನೋಡಿದ್ದರು: ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಬಹಳ ಹೆಚ್ಚಾಗಿ ಸಿಕ್ಕಿತು, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ಆದ್ದರಿಂದ ನೀರು ಬಿಟ್ಟ ಕೂಡಲೇ ಬರುವ ಮೊದಲ ಕೆಲವು ಬಕೆಟ್‌ಗಳನ್ನು ಗಿಡಕ್ಕೋ ಶೌಚಾಲಯಕ್ಕೋ ಬಳಸಿ, ತಿಳಿಯಾಗಿ ಬರತೊಡಗಿದ ಮೇಲೆ ಕುಡಿಯಲು ಹಿಡಿಯುವುದು ಖರ್ಚಿಲ್ಲದ ದೊಡ್ಡ ರಕ್ಷಣೆ.

ಬೋರ್‌ವೆಲ್ ನೀರಿನ ಸ್ವಭಾವ ಬೇರೆ. ಆಳದ ಬಂಡೆಯ ಸಂದಿನಿಂದ ಬರುವ ಈ ನೀರಿನಲ್ಲಿ ರೋಗಾಣುಗಳ ಕಾಟ ಸಾಮಾನ್ಯವಾಗಿ ಕಡಿಮೆಯಿದ್ದರೂ, ಬಂಡೆಯಿಂದ ಕರಗಿದ ಖನಿಜಗಳ ಕಾಟವಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಕೊಪ್ಪಳ, ಗದಗ ಭಾಗಗಳ ಓದುಗರು ಫ್ಲೋರೈಡನ್ನೂ, ರಾಯಚೂರು ಜಿಲ್ಲೆಯ ಹಟ್ಟಿ ಸುತ್ತಿನವರು ಆರ್ಸೆನಿಕ್ಕನ್ನೂ ಪರೀಕ್ಷಿಸದೆ ಬೋರ್‌ವೆಲ್ ನೀರನ್ನು ಕುಡಿಯಬಾರದು. ಕರಾವಳಿಯವರಿಗೆ ಬೇಸಿಗೆಯ ಕೊನೆಯಲ್ಲಿ ಬಾವಿಗೆ ಉಪ್ಪುನೀರು ಏರುವುದು ತಿಳಿದ ವಿಷಯವೇ. ಮಲೆನಾಡಿನ ಅಬ್ಬಿ ನೀರು ರುಚಿಗೆ ಹೆಸರಾದದ್ದು. ಆದರೆ ಅದು ತೆರೆದ ಹಳ್ಳದ ನೀರೇ, ಮೇಲ್ಭಾಗದಲ್ಲಿ ದನ ಮೇಯುತ್ತಿರಬಹುದು ಎಂಬುದು ಮರೆಯಬಾರದ ಸಂಗತಿ.

ಎರಡನೆಯ ಹೆಜ್ಜೆ: ಕಣ್ಣು, ಮೂಗು, ಅಡುಗೆಮನೆ ಹೇಳುವ ಸುಳಿವುಗಳು

ಬೇಳೆ ಬೇಯಲು ಹಟ ಮಾಡಿದರೆ, ಸೋಪು ನೊರೆ ಕೊಡದಿದ್ದರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದಂತೆ ಬಿಳಿ ಪದರ ಕಟ್ಟಿದರೆ ಅದು ಗಡಸು ನೀರು. ಗಡಸು ನೀರು ಗೀಸರನ್ನು ಹಾಳು ಮಾಡುತ್ತದೆ, ಅಡುಗೆಗೆ ತೊಡಕು ಮಾಡುತ್ತದೆ. ಅಷ್ಟರಿಂದಲೇ ಅದು ವಿಷವಾಗುವುದಿಲ್ಲ. ಹಿಡಿದಾಗ ತಿಳಿಯಾಗಿದ್ದು ಗಂಟೆ ಕಳೆದ ಮೇಲೆ ಕೆಂಪಗಾಗುವ ನೀರಿನಲ್ಲಿ ಕಬ್ಬಿಣದ ಅಂಶವಿದೆ. ಕೊಳೆತ ಮೊಟ್ಟೆಯ ವಾಸನೆಗೆ ಗಂಧಕದ ಅನಿಲ ಕಾರಣವಿರಬಹುದು. ಚರಂಡಿಯ ವಾಸನೆಯಿದ್ದರೆ ಮಾತ್ರ ಆ ಕ್ಷಣದಿಂದಲೇ ಕುಡಿಯುವುದನ್ನು ನಿಲ್ಲಿಸಬೇಕು.

ಈ ಸುಳಿವುಗಳಿಗೆ ಒಂದು ಮಿತಿಯಿದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಮತ್ತು ಬಹುಪಾಲು ರೋಗಾಣುಗಳಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. 2023ರ ಆಗಸ್ಟ್ ತಿಂಗಳ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡದ್ದು ನಲ್ಲಿಯ ನೀರಿನಿಂದಲೇ.

ಮೂರನೆಯ ಹೆಜ್ಜೆ: ಪರೀಕ್ಷೆ

ಟಿಡಿಎಸ್ ಮೀಟರ್ ಒಂದನ್ನು ಕೊಂಡು ನೀರಿಗೆ ಅದ್ದಿದರೆ ಪರೀಕ್ಷೆ ಮುಗಿಯಿತೆಂದು ತಿಳಿದವರು ಬಹಳ. ಆ ಮೀಟರ್ ಹೇಳುವುದು ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ, ಅದೂ ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆಂಬ ಲೆಕ್ಕದಿಂದ. ಚರಂಡಿ ನೀರು ಬೆರೆತ ಕಾವೇರಿ ನೀರು ಅದರಲ್ಲಿ ಒಳ್ಳೆಯ ಅಂಕ ತೆಗೆದುಕೊಳ್ಳಬಹುದು.

ಹಳ್ಳಿಯಲ್ಲಿರುವವರು ಮೊದಲು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂದು ಕರೆಯುವ ಜಲಜೀವನ್ ಮಿಷನ್ 2019ರಲ್ಲಿ ಆರಂಭವಾದಾಗಿನಿಂದ, ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಕಿಟ್‌ಗಳನ್ನು ಕೊಟ್ಟು, ಪ್ರತಿ ಹಳ್ಳಿಯಲ್ಲಿ ಐದು ಮಂದಿ ಮಹಿಳೆಯರಿಗೆ ತರಬೇತಿ ಕೊಡಬೇಕೆಂಬ ವ್ಯವಸ್ಥೆಯಿದೆ. ಈ ಕಿಟ್ಟಿನ ಜೊತೆಗೆ ಬಳಸುವ ಸಣ್ಣ ಬ್ಯಾಕ್ಟೀರಿಯಾ ಬಾಟಲಿ ನನಗೆ ಮೆಚ್ಚಿಕೆಯಾದ ವಸ್ತು: ಗುರುತಿನವರೆಗೆ ನೀರು ತುಂಬಿ ಮನೆಯ ಬೆಚ್ಚಗಿನ ಮೂಲೆಯಲ್ಲಿ ಒಂದೆರಡು ದಿನ ಇಟ್ಟರೆ, ಮಲಮೂಲದ ಸೋಂಕಿರುವ ನೀರು ಶಾಯಿಯಂತೆ ಕಪ್ಪಾಗುತ್ತದೆ. ಎಷ್ಟು ಭಾಷಣ ಕೇಳಿದರೂ ನೀರು ಕುದಿಸದ ಮನೆಯವರು, ತಮ್ಮ ಕೊಡದ ನೀರು ಕಪ್ಪಾದುದನ್ನು ಕಂಡ ದಿನವೇ ಕುದಿಸತೊಡಗುತ್ತಾರೆ. ಇದು ಸುಳಿವು ಕೊಡುವ ಪರೀಕ್ಷೆಯೇ ಹೊರತು ಅಂತಿಮ ತೀರ್ಪಲ್ಲ.

ಖಚಿತ ಫಲಿತಾಂಶಕ್ಕೆ ಪ್ರಯೋಗಾಲಯವೇ ಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ನಗರಗಳಲ್ಲಿ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳಿವೆ. ಎಲ್ಲವನ್ನೂ ಪರೀಕ್ಷಿಸುವ ದುಬಾರಿ ಪ್ಯಾಕೇಜು ಬೇಕಿಲ್ಲ. ಬೋರ್‌ವೆಲ್ ನೀರಾದರೆ ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಪಿಎಚ್ (ಹುಳಿ-ಕ್ಷಾರದ ಅಳತೆ) ಮತ್ತು ಇ.ಕೋಲೈ (ಮಲಮೂಲದ ಬ್ಯಾಕ್ಟೀರಿಯಾ) ಸಾಕು, ಹಟ್ಟಿ ಸುತ್ತಿನವರಿಗೆ ಆರ್ಸೆನಿಕ್ಕೂ ಬೇಕು; ನಲ್ಲಿ ನೀರಿಗೆ ಇ.ಕೋಲೈ, ಕಲಕು ಮತ್ತು ಉಳಿಕೆ ಕ್ಲೋರಿನ್ (ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್) ಮುಖ್ಯ.

ಮಾದರಿ ತೆಗೆಯುವಾಗ ಆಗುವ ತಪ್ಪೇ ಫಲಿತಾಂಶವನ್ನು ಕೆಡಿಸುವುದು ಹೆಚ್ಚು. ರಾಸಾಯನಿಕ ಪರೀಕ್ಷೆಗಾದರೆ ಒಂದೆರಡು ಲೀಟರಿನ ಶುದ್ಧ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಾಡಿಸಿ, ಕಂಠಮಟ್ಟ ತುಂಬಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಕ್ರಿಮಿರಹಿತ ಬಾಟಲಿಯನ್ನೇ ಬಳಸಬೇಕು, ಅದನ್ನು ಜಾಲಾಡಿಸಲೇಬಾರದು, ಏಕೆಂದರೆ ಕ್ಲೋರಿನ್ನಿನ ಪ್ರಭಾವವನ್ನು ತಡೆಯುವ ರಾಸಾಯನಿಕವನ್ನು ಅದರೊಳಗೆ ಮೊದಲೇ ಹಾಕಿರುತ್ತಾರೆ. ನಲ್ಲಿಯ ಬಾಯಿಯನ್ನು ಒರೆಸಿ, ಲೋಹದ್ದಾದರೆ ಬೆಂಕಿಯ ಜ್ವಾಲೆ ತೋರಿಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ತುಂಬಿ, ಐಸ್ ಇಟ್ಟ ಡಬ್ಬಿಯಲ್ಲಿ ಆದಷ್ಟೂ ಬೇಗ, ಸಾಧ್ಯವಾದರೆ ಆರು ಗಂಟೆಯೊಳಗೆ ತಲುಪಿಸಿ.

ವರದಿ ಕೈಗೆ ಬಂದಾಗ ಭಾರತೀಯ ಮಾನಕ ಬ್ಯೂರೋದ 10500ನೇ ಸಂಖ್ಯೆಯ ಮಾನದಂಡದೊಂದಿಗೆ ಹೋಲಿಸಿ. ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ, ಗಡಸುತನ 200, ಫ್ಲೋರೈಡ್ 1, ನೈಟ್ರೇಟ್ 45 ಎಂಬುದು ಸ್ವೀಕಾರಾರ್ಹ ಮಿತಿ. ಬೇರೆ ಮೂಲವೇ ಇಲ್ಲದಿದ್ದಾಗ ಟಿಡಿಎಸ್ 2000ದವರೆಗೆ, ಗಡಸುತನ 600ರವರೆಗೆ, ಫ್ಲೋರೈಡ್ 1.5ರವರೆಗೆ ಸಡಿಲಿಕೆಯಿದೆ. ನೈಟ್ರೇಟಿಗೆ ಸಡಿಲಿಕೆಯೇ ಇಲ್ಲ. ಅದು ಹೆಚ್ಚಿದ್ದರೆ ಹಾಲುಣ್ಣುವ ಕೂಸುಗಳ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗುತ್ತದೆ, ಆ ನೀರಿನಲ್ಲಿ ಹಾಲಿನಪುಡಿ ಕಲಸಲೇಬಾರದು. ಇ.ಕೋಲೈ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು.

ನಾಲ್ಕನೆಯ ಹೆಜ್ಜೆ: ಸಂಪು ಮತ್ತು ಟ್ಯಾಂಕು

ನಾವು ಬಾಡಿಗೆಗಿದ್ದ ಮನೆಯೊಂದರಲ್ಲಿ ಸಂಪಿನ ಮುಚ್ಚಳ ಕಾರು ನಿಲ್ಲಿಸುವ ಜಾಗದ ನಟ್ಟನಡುವೆ, ನೆಲದ ಮಟ್ಟಕ್ಕೇ ಇತ್ತು. ಭಾನುವಾರ ಕಾರು ತೊಳೆದ ಸೋಪಿನ ನೀರು ಆ ಕಬ್ಬಿಣದ ಮುಚ್ಚಳದ ಸುತ್ತ ನಿಂತು, ರಂಗೋಲಿ ಪುಡಿ, ತುಳಸಿ ಎಲೆ, ಟೈರಿನ ಮಣ್ಣುಗಳ ಸಮೇತ ಅಂಚಿನ ಸಂದಿನಲ್ಲಿ ಗುಳುಗುಳು ಎಂದು ಇಳಿಯುವುದನ್ನು ಒಂದು ದಿನ ಕೂತು ನೋಡಿದೆ. ಮೇಲಿನ ಅಡುಗೆಮನೆಯಲ್ಲಿ ಮೂರು ಹಂತದ ಶುದ್ಧೀಕರಣದ ಯಂತ್ರವಿತ್ತು! ಬಾಯಿಯ ಸುತ್ತ ಎರಡು ವರಸೆ ಇಟ್ಟಿಗೆ ಕಟ್ಟಿಸಿ ಎತ್ತರಿಸಿದ ಮೇಲೆಯೇ ಆ ಸಂಪಿಗೆ ಬಿಡುಗಡೆ ಸಿಕ್ಕಿತು. ನಿಮ್ಮ ಸಂಪಿನ ಬಾಯಿ ನೆಲದಿಂದ ಅರ್ಧ ಅಡಿಯಾದರೂ ಎತ್ತರದಲ್ಲಿರಲಿ, ಮುಚ್ಚಳ ಬಿಗಿಯಾಗಿ ಕೂರಲಿ, ಟ್ಯಾಂಕಿನ ಹೊರಹರಿವಿನ ಕೊಳವೆಗೆ ಸೊಳ್ಳೆ ನುಗ್ಗದಂಥ ಜಾಲರಿಯಿರಲಿ. ಚರಂಡಿಯ ಚೇಂಬರ್ ಸಂಪಿಗೆ ಹತ್ತಿರವಿದ್ದರೆ ಅದು ಸೋರುತ್ತಿದೆಯೇ ಎಂದು ನೋಡಿಸಿ.

ಆರು ತಿಂಗಳಿಗೊಮ್ಮೆ, ಅದರಲ್ಲೊಂದು ಸಲ ಮಳೆಗಾಲಕ್ಕೆ ಮೊದಲು, ಸಂಪು ಮತ್ತು ಟ್ಯಾಂಕುಗಳನ್ನು ತೊಳೆಯಬೇಕು. ನೀರನ್ನು ಖಾಲಿ ಮಾಡಿ, ಮೋಟಾರಿನ ಮೇನ್ ಸ್ವಿಚ್ ಆರಿಸಿ, ಉದ್ದ ಹಿಡಿಯ ಬ್ರಷ್ಷಿನಿಂದ ಗೋಡೆ ಮತ್ತು ತಳವನ್ನು ಉಜ್ಜಿ, ಕೆಸರನ್ನು ಹೊರತೆಗೆದು, ಬ್ಲೀಚಿಂಗ್ ಪೌಡರಿನ ತಿಳಿನೀರನ್ನು ಗೋಡೆಗಳಿಗೆ ತಾಗುವಂತೆ ಹೊಯ್ದು ಅರ್ಧ ಗಂಟೆ ಬಿಟ್ಟು, ಮತ್ತೆ ತೊಳೆದು ಆ ನೀರನ್ನು ಹೊರಹಾಕಿ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ: ಬಹುಕಾಲ ಮುಚ್ಚಿದ್ದ ಸಂಪಿನೊಳಗೆ ಉಸಿರಾಡುವ ಗಾಳಿ ಇರದೇ ಹೋಗಬಹುದು, ಬ್ಲೀಚಿಂಗ್ ಪೌಡರಿನ ಘಾಟೂ ಇಕ್ಕಟ್ಟಿನಲ್ಲಿ ಅಪಾಯಕಾರಿ. ಮುಚ್ಚಳವನ್ನು ಗಂಟೆಗಟ್ಟಲೆ ತೆರೆದಿಡದೆ, ಮೇಲೆ ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳದೆ ಯಾರನ್ನೂ ಒಳಗಿಳಿಸಬೇಡಿ. ಒಳಗೆ ಕುಸಿದವರನ್ನು ಎತ್ತಲು ಬರಿಗೈಯಲ್ಲಿ ಇಳಿದವರೂ ಸಾಯುವುದನ್ನು ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ.

ಐದನೆಯ ಹೆಜ್ಜೆ: ಕ್ಲೋರಿನ್ ಅಥವಾ ಕುದಿಸುವಿಕೆ

ಪರೀಕ್ಷೆಯಲ್ಲಿ ರೋಗಾಣುಗಳು ಮಾತ್ರ ಕಂಡಿದ್ದರೆ ದುಬಾರಿ ಯಂತ್ರದ ಅಗತ್ಯವಿಲ್ಲ. ಸಾವಿರ ಲೀಟರ್ ನೀರಿಗೆ 2.5 ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್ ಎಂಬುದು ಸಾರ್ವಜನಿಕ ಆರೋಗ್ಯದವರು ಬಹುಕಾಲದಿಂದ ಬಳಸುತ್ತಿರುವ ಅಳತೆ. ಐದು ಸಾವಿರ ಲೀಟರಿನ ಸಂಪಿಗೆ ಹನ್ನೆರಡೂವರೆ ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಕೈಯಳತೆ ಬೇಡ. ದುಂಡು ಬಾವಿಯಾದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಬಂದದ್ದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸಿದರೆ ಎಷ್ಟು ಸಾವಿರ ಲೀಟರಿದೆಯೆಂದು ಸಿಗುತ್ತದೆ, ಅಳತೆಗಳು ಮೀಟರಿನಲ್ಲಿರಬೇಕು. ಎರಡು ಮೀಟರ್ ಅಗಲದ, ಐದು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 15,700 ಲೀಟರಿರುತ್ತದೆ; ಅದಕ್ಕೆ ಸುಮಾರು 40 ಗ್ರಾಂ ಬೇಕು.

ಪುಡಿಯನ್ನು ನೇರವಾಗಿ ಎರಚಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಮೊದಲು ಗಂಜಿಯಂತೆ ಕಲಸಿ, ಬಕೆಟ್ಟಿನ ಮುಕ್ಕಾಲು ಪಾಲು ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗೋ ಸಂಪಿಗೋ ಇಳಿಸಿ ಕದಡಿ, ತಳದ ಸುಣ್ಣವನ್ನು ಚೆಲ್ಲಿ. ಕನಿಷ್ಠ ಒಂದು ಗಂಟೆ ಆ ನೀರನ್ನು ಮುಟ್ಟಬಾರದಾದ್ದರಿಂದ ರಾತ್ರಿ ಊಟವಾದ ಮೇಲೆ ಹಾಕುವುದು ಅನುಕೂಲ. ಬೆಳಿಗ್ಗೆ ಕ್ಲೋರಿನ್ನಿನ ತೆಳು ವಾಸನೆ ಬಂದರೆ ಕೆಲಸವಾಗಿದೆಯೆಂದರ್ಥ. ವಾಸನೆಯೇ ಇಲ್ಲದಿದ್ದರೆ ಪುಡಿ ಹಳತಾಗಿರಬಹುದು ಅಥವಾ ನೀರಿನ ಕೊಳೆಯೇ ಕ್ಲೋರಿನ್ನನ್ನು ನುಂಗಿರಬಹುದು. ಗಾಳಿಗೆ ತೆರೆದಿಟ್ಟ ಬ್ಲೀಚಿಂಗ್ ಪೌಡರ್ ಬಹುಬೇಗ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಸಣ್ಣ ಪೊಟ್ಟಣವನ್ನೇ ಕೊಂಡು ಬಿಗಿ ಡಬ್ಬಿಯಲ್ಲಿಡಿ. ಕಲಕು ನೀರಿಗೆ ಕ್ಲೋರಿನ್ ಹಾಕುವುದು ಅರ್ಧ ವ್ಯರ್ಥ. ಮೊದಲು ಪಟಿಕದಿಂದಲೋ, ಹಳ್ಳಿಗಳಲ್ಲಿ ಮಾಡುವಂತೆ ನುಗ್ಗೆ ಬೀಜದ ಪುಡಿಯಿಂದಲೋ ತಿಳಿಗೊಳಿಸಿ, ನಾಲ್ಕು ಮಡಿಕೆಯ ಹಳೆಯ ಹತ್ತಿ ಸೀರೆಯಲ್ಲಿ ಸೋಸಿಕೊಳ್ಳಬೇಕು.

ಕುದಿಸುವುದಾದರೆ ಹಬೆ ಬಂದದ್ದೇ ಸಾಲದು, ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಡಬೇಕು. ಎರಡು ಸಾವಿರ ಮೀಟರಿಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ ಬೇಕೆನ್ನುತ್ತಾರೆ. ನಮ್ಮ ಮುಳ್ಳಯ್ಯನಗಿರಿಯೇ ಅಷ್ಟು ಎತ್ತರವಿಲ್ಲದ್ದರಿಂದ ಕರ್ನಾಟಕದಲ್ಲೆಲ್ಲ ಒಂದು ನಿಮಿಷ ಸಾಕು. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಕುದಿಸಿದರೆ ಫ್ಲೋರೈಡಾಗಲಿ ನೈಟ್ರೇಟಾಗಲಿ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವು ಇನ್ನಷ್ಟು ಗಟ್ಟಿಯಾಗುತ್ತವೆ.

ತಾಮ್ರದ ಬಿಂದಿಗೆಯ ಬಗ್ಗೆ ಕೇಳುವವರು ಅನೇಕರು. ರಾತ್ರಿಯಿಡೀ ತಾಮ್ರದಲ್ಲಿಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸಾಯುವುದನ್ನು ಬೆಂಗಳೂರಿನ ಸಂಶೋಧಕರು 16 ಗಂಟೆಗಳ ಪ್ರಯೋಗದಲ್ಲಿ ತೋರಿಸಿದ್ದಾರೆ. ಅಜ್ಜಿಯರ ಪದ್ಧತಿಗೆ ಆಧಾರವಿದೆ, ಆದರೆ ಬೆಳಿಗ್ಗೆ ತುಂಬಿಸಿ ಮಧ್ಯಾಹ್ನ ಕುಡಿದರೆ ಆ ಫಲವನ್ನು ನಿರೀಕ್ಷಿಸುವಂತಿಲ್ಲ. ಲವಣಗಳ ಮೇಲೆ ತಾಮ್ರಕ್ಕೆ ಅಧಿಕಾರವೂ ಇಲ್ಲ.

ಆರನೆಯ ಹೆಜ್ಜೆ: ಯಂತ್ರ ಬೇಕೇ ಬೇಕಾದರೆ

ಯುವಿ (ನೇರಳಾತೀತ ಬೆಳಕಿನ) ಯಂತ್ರ ರೋಗಾಣುಗಳನ್ನು ಕೊಲ್ಲುತ್ತದೆ, ನೀರು ತಿಳಿಯಾಗಿದ್ದರೆ ಮಾತ್ರ. ಯುಎಫ್ (ಬಹುಸಣ್ಣ ರಂಧ್ರಗಳ ಪೊರೆಯಲ್ಲಿ ಸೋಸುವ ಯಂತ್ರ) ಕರೆಂಟಿಲ್ಲದೆಯೇ ಕಲಕನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಕರಗಿದ ಲವಣವನ್ನು ಬಿಟ್ಟುಬಿಡುತ್ತದೆ. ಈ ಮೂರರಲ್ಲಿ ಆರ್‌ಒ ಮಾತ್ರ ಫ್ಲೋರೈಡ್, ನೈಟ್ರೇಟ್, ಉಪ್ಪುಗಳನ್ನು ತೆಗೆಯಬಲ್ಲದು. ಅದಕ್ಕೆ ತೆರುವ ಬೆಲೆ ಹೊರಚೆಲ್ಲುವ ನೀರು, ಮನೆಗಳ ಅನೇಕ ಯಂತ್ರಗಳಲ್ಲಿ ಕುಡಿಯುವ ಒಂದು ಲೀಟರಿಗೆ ಮೂರು ಲೀಟರಿನಷ್ಟು ವ್ಯರ್ಥವಾಗುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆಯಿರುವಲ್ಲಿ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತ್ತು. ಕಾವೇರಿ ನೀರು ಮಾತ್ರ ಬರುವ ಮನೆಯಲ್ಲಿ ಆರ್‌ಒ ಇಡುವುದು, ನನ್ನ ದೃಷ್ಟಿಯಲ್ಲಿ, ದೂರದಿಂದ ಪಂಪು ಮಾಡಿ ತಂದ ನೀರನ್ನು ಸಿಂಕಿಗೆ ಸುರಿದಂತೆ. ಫ್ಲೋರೈಡ್ ಪೀಡಿತ ಊರಿನಲ್ಲಿ ಅದೇ ಯಂತ್ರ ಮಕ್ಕಳ ಹಲ್ಲು, ಮೂಳೆಗಳನ್ನು ಉಳಿಸುತ್ತದೆ. ಮನೆಯಲ್ಲಿ ಇಡಲಾಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕುಡಿಯಲೂ ಅಡುಗೆಗೂ ನೀರು ತರಬೇಕು. ಅಡುಗೆಗೂ ಎಂಬುದನ್ನು ಮರೆಯಬೇಡಿ, ಸಾರಿನಲ್ಲಿ, ಅನ್ನದಲ್ಲಿ ಸೇರಿದ ಫ್ಲೋರೈಡೂ ದೇಹಕ್ಕೇ ಹೋಗುತ್ತದೆ. ಸುರಿದ ಮೊದಲ ಮಳೆಯನ್ನು ಬಿಟ್ಟು, ಶುಚಿಯಾದ ಮಾಡಿನಿಂದ ಹಿಡಿದು ಸೋಸಿಟ್ಟ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂಬುದು ಆ ಊರುಗಳ ದೊಡ್ಡ ಆಸರೆ. ಕ್ಯಾಂಡಲ್, ಕಾರ್ಟ್ರಿಜ್, ಮೆಂಬ್ರೇನ್ ಯಾವುದೇ ಇರಲಿ, ಬದಲಿಸಬೇಕಾದ ತಿಂಗಳನ್ನು ಯಂತ್ರದ ಮೇಲೆ ಚೀಟಿ ಅಂಟಿಸಿ ಬರೆಯಿರಿ. ಅವಧಿ ಮೀರಿದ ಫಿಲ್ಟರ್ ರೋಗಾಣುಗಳ ತವರಾಗುತ್ತದೆ.

ಏಳನೆಯ ಹೆಜ್ಜೆ: ಕೊಡದಿಂದ ಲೋಟದವರೆಗೆ

ಶುದ್ಧವಾದ ನೀರು ಮತ್ತೆ ಕೆಡುವುದು ಅಡುಗೆಮನೆಯಲ್ಲಿ, ಬೆರಳು ಅದ್ದಿ ಲೋಟ ಮುಳುಗಿಸುವ ಕೈಗಳಿಂದ. ಕಿರುಬಾಯಿಯ, ನಲ್ಲಿಯಿರುವ ಪಾತ್ರೆ ಉತ್ತಮ. ಮಡಕೆ, ಹರವಿಗಳಾದರೆ ಉದ್ದ ಹಿಡಿಯ ಸೌಟನ್ನು ಹೊರಗೇ ತೂಗುಹಾಕಿಡಿ. ನಿನ್ನೆಯ ನೀರಿನ ಮೇಲೆ ಇಂದಿನದನ್ನು ಸುರಿಯದೆ, ಪಾತ್ರೆಯ ಒಳಮೈಯ ಲೋಳೆಯನ್ನು ಉಜ್ಜಿ ತೊಳೆದ ಮೇಲೆಯೇ ತುಂಬಿ. ಇಪ್ಪತ್ತು ಲೀಟರಿನ ಕ್ಯಾನ್ ತರಿಸುವವರು ಸೀಲು, ತಯಾರಾದ ದಿನಾಂಕ ಮತ್ತು ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆಯನ್ನು ನೋಡಿ ಇಳಿಸಿಕೊಳ್ಳಬೇಕು, ಬಿಸಿಲಿನಲ್ಲಿಟ್ಟ ಕ್ಯಾನನ್ನು ವಾಪಸು ಕಳಿಸಬೇಕು, ಅದನ್ನು ಬೋರಲಿಡುವ ಪಾತ್ರೆಯನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು.

ನಲ್ಲಿಯಲ್ಲಿ ಚರಂಡಿ ವಾಸನೆ ಕಂಡಾಗ

ಸಂಪಿಗೆ ನೀರು ಬೀಳುವ ವಾಲ್ವನ್ನು ಮೊದಲು ಮುಚ್ಚಿ. ಬಂದ ನೀರನ್ನು ಬಿಳಿ ಬಾಟಲಿಯೊಂದರಲ್ಲಿ ಹಿಡಿದು, ದಿನಾಂಕ ಮತ್ತು ಹೊತ್ತನ್ನು ಬರೆದಿಡಿ. ಎಡಬಲದ ಎರಡೆರಡು ಮನೆಗಳಲ್ಲಿ ಕೇಳಿ: ಅವರಿಗೂ ಹಾಗೆಯೇ ಬಂದಿದ್ದರೆ ತೊಂದರೆ ಬೀದಿಯ ಕೊಳವೆಯಲ್ಲಿದೆ, ನಿಮಗೊಬ್ಬರಿಗೇ ಆದರೆ ನಿಮ್ಮ ಸಂಪರ್ಕದ ಪೈಪಿನಲ್ಲೋ ಸಂಪಿನಲ್ಲೋ ಇದೆ. ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ, ಬೇರೆ ಊರಿನವರು ನಗರಸಭೆಗೋ ಪಂಚಾಯಿತಿಗೋ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ದುರಸ್ತಿಯಾಯಿತೆಂದು ಹೇಳಿದ ಮೇಲೂ ಕೊಳವೆಯಲ್ಲಿ ನಿಂತದ್ದು ಹರಿದುಹೋಗುವವರೆಗೆ ನೀರನ್ನು ಹೊರಗೆ ಬಿಟ್ಟು, ಸಂಪನ್ನು ಖಾಲಿ ಮಾಡಿ ತೊಳೆದು ಕ್ಲೋರಿನ್ ಹಾಕಿ, ಬ್ಯಾಕ್ಟೀರಿಯಾ ಪರೀಕ್ಷೆಯ ವರದಿ ಬರುವವರೆಗೆ ಕುದಿಸಿದ ನೀರನ್ನೇ ಕುಡಿಯಿರಿ. ಈ ನಡುವೆ ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ದು, ಬೀದಿಯ ನೀರು ಕೆಟ್ಟಿರುವ ಸಂಗತಿಯನ್ನು ವೈದ್ಯರಿಗೆ ತಿಳಿಸಿ. ಹಿಡಿದಿಟ್ಟ ಬಾಟಲಿಯೂ ಜೊತೆಗಿರಲಿ.